ಗ್ಯಾಸ್ಕೆಟ್‌ಗೆ ಪೇಸ್ಟ್ ಜಾಸ್ತಿಯಾದರೆ ಎಂಜಿನ್‌ಗೇ ಕುತ್ತು

"ಅಣ್ಣಾ, ಪೇಸ್ಟ್ ಜಾಸ್ತೀನೇ ಹಾಕು, ಲೀಕ್ ಆಗಬಾರದು." ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಸಿದಾಗ ತುಂಬಾ ಜನ ಮೆಕ್ಯಾನಿಕ್‌ಗೆ ಹೇಳೋ ಮಾತಿದು. ಈ ಅಭ್ಯಾಸ ಬಿಡಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಬೋಲ್ಟ್ ಬಿಗಿದಾಗ ಹೆಚ್ಚಾದ ಪೇಸ್ಟ್ ಒಳಕ್ಕೂ ನುಗ್ಗುತ್ತೆ. ಹೊರಗೆ ಬಂದದ್ದನ್ನು ಒರೆಸ್ತೀವಿ. ಒಳಗಿನದು ಕಿತ್ತು ಆಯಿಲ್ ಚೇಂಬರ್‌ಗೆ ಬೀಳುತ್ತೆ. ಅದು ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಪ್ರೆಶರ್ ಇಳಿದು ಬೇರಿಂಗ್ ಹೋಗುತ್ತೆ.

ಹೆಡ್ ಗ್ಯಾಸ್ಕೆಟ್‌ಗಂತೂ, ಕಂಪನಿ ಮ್ಯಾನ್ಯುಯಲ್ ಹೇಳದ ಹೊರತು, ಪೇಸ್ಟ್ ಬೇಡವೇ ಬೇಡ. ಮುಖ ಸ್ವಚ್ಛವಾಗಿ ಸಮತಟ್ಟಾಗಿರಬೇಕು, ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಕ್ರಮವಾಗಿ ಬಿಗಿಯಬೇಕು. ಹೆಡ್ ಬೆಂಡ್ ಆಗಿದ್ದರೆ ಫೇಸಿಂಗ್ ಮಾಡಿಸಿ. ಪೇಸ್ಟ್‌ನಿಂದ ಅದು ಸರಿಯಾಗಲ್ಲ.

ಚೇಂಬರ್‌ಗೆ ಟೈಮಿಂಗ್ ಕವರ್ ಸೇರೋ ಮೂಲೆಗಳಂಥ ಕಡೆ ಪೇಸ್ಟ್ ಬೇಕಾಗಬಹುದು. ಅಲ್ಲೂ ಹಳೇದನ್ನು ಪೂರ್ತಿ ಕೆರೆದು, ಎಣ್ಣೆ ಪಸೆ ಒರೆಸಿ, 2–3 ಮಿ.ಮೀ. ಎಳೆ ಹಾಕಿದರೆ ಸಾಕು. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಬಿತ್ತನೆ ಅವಸರದಲ್ಲಿ ಒಂದು ದಿನ ಕಾಯೋದು ಕಷ್ಟವೇ. ಆದರೆ ಎಂಜಿನ್ ಜಾಮ್ ಆದರೆ ಹಂಗಾಮೇ ಕೈತಪ್ಪುತ್ತೆ. ಸರ್ವಿಸ್ ಮ್ಯಾನ್ಯುಯಲ್‌ನ ಟಾರ್ಕ್ ಪುಟದ ಫೋಟೊ ಮೊಬೈಲ್‌ನಲ್ಲಿರಲಿ. ಮುಂದಿನ ಸಲ ಪಕ್ಕದಲ್ಲೇ ನಿಂತು, "ಇಲ್ಲಿ ಪೇಸ್ಟ್ ಬೇಕಾ ಅಣ್ಣಾ?" ಅಂತ ಕೇಳಿ.