ಹಳೆಯ ಗಣಕಯಂತ್ರದಲ್ಲಿ ಒಂದು ಅಂಚೆಮನೆ

ನಮ್ಮ ಶಾಲೆಗಳಲ್ಲಿ ಗಣಕಯಂತ್ರದ ಶಿಕ್ಷಣವು ನಡೆಯುತ್ತಿದೆಯೆಂಬುದರಲ್ಲಿ ಸಂದೇಹವಿಲ್ಲ. ಮಕ್ಕಳು ಪತ್ರ ಬರೆಯಬಲ್ಲರು, ಕೋಷ್ಟಕ ತುಂಬಬಲ್ಲರು, ಚಿತ್ರ ಬಿಡಿಸಬಲ್ಲರು. ಆದರೆ ತಾವು ಕಳುಹಿಸಿದ ಈ-ಮೇಲ್ ಯಾವ ದಾರಿ ಹಿಡಿಯಿತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರು? ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಬಲ್ಲವನಾಗಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾಲ್ಕು ವರ್ಷಗಳ ಹಿಂದೆ, ಈ ಶಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಮಿತ್ರರೊಬ್ಬರು ದೂರವಾಣಿಯಲ್ಲಿ ಕರೆದು, "ಕಟ್ಟಡನಿಧಿಯ ಹಣ ಯಾವ ಖಾತೆಗೆ ಹಾಕಲಿ? ಇನ್ನೊಮ್ಮೆ ಹೇಳಪ್ಪ" ಎಂದರು. ನಾನು ಯಾವ ನಿಧಿಗೂ ಹಣ ಕೇಳಿರಲಿಲ್ಲ. ನನ್ನ ಹೆಸರನ್ನೂ ನನ್ನದೇ ಡೊಮೇನಿನ ವಿಳಾಸವನ್ನೂ ಹೊತ್ತ ಈ-ಮೇಲ್ ಅವರಿಗೆ ತಲುಪಿತ್ತು. ಖಾತೆಯ ಸಂಖ್ಯೆಯಲ್ಲಿ ಒಂದಂಕಿ ಬಿಟ್ಟುಹೋಗಿದ್ದುದರಿಂದ ಅವರ ಹಣ ಉಳಿಯಿತು. ನನ್ನ ಗುಪ್ತಪದವನ್ನು ಯಾರೂ ಕದ್ದಿರಲಿಲ್ಲ. ಹಾಗಾದರೆ ಇದು ಹೇಗಾಯಿತು? ಬಲ್ಲವರನ್ನು ಕೇಳಬಹುದಿತ್ತು, ಆದರೆ ಅಂಚೆಯ ಸರ್ವರೊಂದನ್ನು ನಾನೇ ಕಟ್ಟಿ ನೋಡಬೇಕೆಂಬ ಹಟ ಹುಟ್ಟಿತು.

ಧೂಳು ಹಿಡಿದಿದ್ದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದೆ. ಪತ್ರಗಳನ್ನು ಸಾಗಿಸಲು ವೀತ್ಸೆ ವೆನೆಮಾ ಅವರು ರಚಿಸಿದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್. ಬಂದ ಪತ್ರಗಳನ್ನು ಕಾಪಿಟ್ಟು ಓದುಗನಿಗೆ ಒಪ್ಪಿಸಲು ಫಿನ್ಲೆಂಡಿನ ಟಿಮೊ ಸಿರೈನೆನ್ ಅವರ ಡವ್‌ಕಾಟ್. ಎರಡೂ ಬೆಲೆಯಿಲ್ಲದೆ ದೊರೆಯುವ ತಂತ್ರಾಂಶಗಳು. ಬಳಿಕ ಇನ್ನೊಂದು ಯಂತ್ರದಿಂದ ಅದರ 25ನೆಯ ಪೋರ್ಟಿಗೆ ಸಂಪರ್ಕ ಕಲ್ಪಿಸಿ, ಸರ್ವರಿನೊಡನೆ ಕೀಲಿಮಣೆಯ ಮೂಲಕ ನಾನೇ ಸಂಭಾಷಿಸಿದೆ. ನಮಸ್ಕಾರ ಹೇಳಿದೆ, ಅದು ಪ್ರತಿನಮಸ್ಕಾರ ಹೇಳಿತು. ಕಳುಹಿಸುವವರ ವಿಳಾಸ ಬರೆದೆ. 250, ಎಂದರೆ ಸರಿ, ಎಂದಿತು. ನಾನು ಬರೆದಿದ್ದುದು ನನ್ನ ವಿಳಾಸವನ್ನಲ್ಲ, ಆ ಮಿತ್ರರ ವಿಳಾಸವನ್ನು! ಸರ್ವರು ಒಂದು ಮಾತೂ ಕೇಳಲಿಲ್ಲ. ಲಕೋಟೆಯ ಮೇಲೊಂದು ಹೆಸರು, ಒಳಗಿನ ಪತ್ರದ ತಲೆಯಲ್ಲಿ ಇನ್ನೊಂದು ಹೆಸರು ಬರೆದರೂ ಅದಕ್ಕೆ ಆಕ್ಷೇಪವಿರಲಿಲ್ಲ. ಓದುಗನ ಕಣ್ಣಿಗೆ ಬೀಳುವುದು ಒಳಗಿನ ಹೆಸರು ಮಾತ್ರ.

ಇದನ್ನು ನಿರ್ಮಿಸಿದವರು ಅವಿವೇಕಿಗಳಲ್ಲ. ಈ ಸಂಭಾಷಣೆಯ ನಿಯಮಗಳನ್ನು ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟಿನಲ್ಲಿ ಬರೆದಾಗ ಆ ಜಾಲದಲ್ಲಿದ್ದುವು ಕೆಲವು ನೂರು ಯಂತ್ರಗಳು. ಬಹುಪಾಲು ವಿಶ್ವವಿದ್ಯಾಲಯಗಳವು, ಸಂಶೋಧನಾಲಯಗಳವು. ಪರಿಚಿತರ ಕೇರಿಯಲ್ಲಿ ಬಾಗಿಲಿಗೆ ಅಗುಳಿ ಹಾಕುವವರಾರು? ಕೇರಿಯು ಲೋಕದಷ್ಟು ದೊಡ್ಡದಾದ ಮೇಲೆ ಅಗುಳಿಗಳನ್ನು ಒಂದೊಂದಾಗಿ ಜೋಡಿಸಬೇಕಾಯಿತು. ಎಸ್‌ಪಿಎಫ್ ಎಂಬುದು, ಈ ಡೊಮೇನಿನ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವುಂಟೆಂದು ಸಾರುವ ಪಟ್ಟಿ. ಡಿಕಿಮ್ ಎಂಬುದು, ಪತ್ರದ ಮೇಲೊತ್ತುವ ಮುದ್ರೆ. ಮುದ್ರೆಯೊತ್ತುವ ಕೀಲಿ ನಮ್ಮಲ್ಲಿರುತ್ತದೆ, ಪರೀಕ್ಷಿಸುವ ಕೀಲಿ ಎಲ್ಲರಿಗೂ ತೆರೆದಿರುತ್ತದೆ. ಇವೆರಡರಲ್ಲಿ ಒಂದಾದರೂ ಒಳಗಿನ ಹೆಸರಿಗೆ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ನನ್ನ ಡೊಮೇನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ವಂಚಕನು ಬೀಗ ಮುರಿದಿರಲಿಲ್ಲ. ನಾನು ಬೀಗವನ್ನೇ ಹಾಕಿರಲಿಲ್ಲ.

ಕಲಿಕೆಯ ಸಂತೋಷದಲ್ಲಿ ಇನ್ನೊಂದು ಪ್ರಮಾದವೂ ಆಯಿತು. ಬಾಡಿಗೆಯ ಯಂತ್ರವೊಂದರಲ್ಲಿ ಸರ್ವರನ್ನು ಅಂತರಜಾಲಕ್ಕೆ ತೆರೆದಿಟ್ಟು, ಯಾರ ಪತ್ರಗಳನ್ನು ಪ್ರಶ್ನಿಸದೆ ಸಾಗಿಸಬಹುದೆಂದು ಸೂಚಿಸುವ ಸಾಲಿನಲ್ಲಿ ಲೋಕವನ್ನೆಲ್ಲ ಸೇರಿಸಿಬಿಟ್ಟೆ. ಮರುದಿನ ಬೆಳಗ್ಗೆ ಅಪರಿಚಿತರ ಸಾವಿರಾರು ಪತ್ರಗಳು ನನ್ನ ಸರ್ವರಿನಲ್ಲಿ ಸಾಲುಗಟ್ಟಿದ್ದುವು. ಬಾಡಿಗೆ ಕೊಟ್ಟವರು ಯಂತ್ರವನ್ನು ನಿಲ್ಲಿಸಿದರು. ಅವರು ಮಾಡಿದ್ದು ಸರಿ. ಕಪ್ಪುಪಟ್ಟಿಯಿಂದ ಅದರ ವಿಳಾಸವನ್ನು ಬಿಡಿಸಲು ಮೂರು ವಾರ ಹಿಡಿಯಿತು.

ಆದುದರಿಂದ ಶಾಲೆಯು ತನ್ನ ದಿನನಿತ್ಯದ ಪತ್ರವ್ಯವಹಾರವನ್ನು ಸ್ವಂತ ಸರ್ವರಿನಲ್ಲಿ ನಡೆಸಬೇಕೆಂದು ನಾನು ಹೇಳಲಾರೆ. ಅದು ನಡುರಾತ್ರಿಯಲ್ಲಿಯೂ ಎಚ್ಚರವಿರಬೇಕಾದ ವೃತ್ತಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು, ಹೆಚ್ಚಿನ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿದುವು. ಸಣ್ಣ ಸರ್ವರಿನ ಪತ್ರಗಳು ಕಸದ ಬುಟ್ಟಿಗೆ ಬೀಳುವುದೂ ಅಪರೂಪವಲ್ಲ. ನಾನು ಹೇಳುವುದಿಷ್ಟೆ: ಹೊರಜಾಲದ ಸಂಪರ್ಕವಿಲ್ಲದ ನಮ್ಮ ಪ್ರಯೋಗಾಲಯದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ವರ್ಷಕ್ಕೊಮ್ಮೆಯಾದರೂ ಇಂಥ ಸರ್ವರನ್ನು ತಾವೇ ಕಟ್ಟಲಿ. ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ನಾಳೆ ರಜೆಯೆಂದು ಒಬ್ಬ ಹುಡುಗನು ಸುಳ್ಳು ಪತ್ರ ಕಳುಹಿಸಲಿ, ಎಲ್ಲರೂ ನಗಲಿ. ಬಳಿಕ ಅಗುಳಿಗಳನ್ನು ಜೋಡಿಸಿ, ಅದೇ ಪತ್ರವನ್ನು ಸರ್ವರು ತಿರಸ್ಕರಿಸುವುದನ್ನು ಅವನೇ ನೋಡಲಿ. 2015ರಲ್ಲಿ ಬಂದ ಪೋಸ್ಟ್‌ಫಿಕ್ಸಿನ 3.0 ಆವೃತ್ತಿಯಿಂದ ಕನ್ನಡ ಲಿಪಿಯ ವಿಳಾಸಗಳಿಗೂ ಅದರಲ್ಲಿ ಎಡೆಯುಂಟು. ಎಲ್ಲ ಸರ್ವರುಗಳೂ ಅಂಥ ವಿಳಾಸವನ್ನು ಒಪ್ಪುವುದಿಲ್ಲವಾದರೂ, ತನ್ನ ಹೆಸರನ್ನು ತನ್ನ ಲಿಪಿಯಲ್ಲಿಯೇ ವಿಳಾಸವಾಗಿ ಕಂಡ ಮಗುವಿನ ಹಿಗ್ಗು ಸಣ್ಣದಲ್ಲ.

ಇದು ಮೋಸವನ್ನು ಕಲಿಸಿದಂತಾಗುವುದಿಲ್ಲವೇ ಎಂದು ಹಿರಿಯ ಉಪಾಧ್ಯಾಯರೊಬ್ಬರು ಕೇಳಿದರು. ಮೋಸಗಾರರು ಇದನ್ನು ಎಂದೋ ಕಲಿತಿದ್ದಾರೆ, ಅರಿಯದವರು ನಾವು. ಅವರ ಎರಡನೆಯ ಆಕ್ಷೇಪವು, ಎಂದರೆ ಪಾಠಪಟ್ಟಿಯ ಭಾರದ ನಡುವೆ ಬಿಡುವೆಲ್ಲಿ ಎಂಬುದು, ಹೆಚ್ಚು ತೂಕದ್ದು. ಇಲ್ಲಿ ದಾನಿಗಳಲ್ಲಿ ಒಂದು ಬಿನ್ನಹ. ಹೊಸ ಯಂತ್ರಗಳನ್ನು ಕೊಟ್ಟು ಹೆಸರಿನ ಫಲಕ ಹಾಕಿಸುವುದು ಸುಲಭ. ಈ ಕೆಲಸಕ್ಕೆ ನಿಮ್ಮ ಕಚೇರಿಯಲ್ಲಿ ಬದಿಗಿಟ್ಟ ಎರಡು ಹಳೆಯ ಯಂತ್ರಗಳು ಸಾಕು. ಕೊರತೆಯಿರುವುದು ಉಪಾಧ್ಯಾಯರ ವೇಳೆಗೆ. ಬೇಸಿಗೆಯ ರಜೆಯಲ್ಲಿ ಅವರು ಕಲಿಯುವ ನಾಲ್ಕು ವಾರಗಳಿಗೆ ಗೌರವಧನವನ್ನು ಕೊಡಿರಿ. ಅದಕ್ಕೆ ಫಲಕ ಹಾಕಲು ಗೋಡೆ ಇರುವುದಿಲ್ಲ.

ಡಿಮಾರ್ಕ್ ಜೋಡಿಸಿದ ಮೇಲೆ, ನನ್ನ ಡೊಮೇನಿನ ಹೆಸರಿನಲ್ಲಿ ಯಾವ ಯಂತ್ರಗಳಿಂದ ಪತ್ರ ಹೊರಟಿತೆಂಬ ವರದಿಗಳು ನನಗೆ ಬರುತ್ತಿವೆ. ಕಳೆದ ವಾರದ ವರದಿಯಲ್ಲಿ, ನಾನು ಕಂಡರಿಯದ ಯಂತ್ರವೊಂದರಿಂದ ನನ್ನ ಹೆಸರಿನಲ್ಲಿ ಹನ್ನೊಂದು ಪತ್ರಗಳು ಹೊರಟಿದ್ದುವು. ಹನ್ನೊಂದೂ ತಿರಸ್ಕೃತವಾಗಿದ್ದುವು.