ಕೃತಿಕಾರನೊಳಗಣ ವಿಮರ್ಶಕ



ನಮ್ಮ ಆಲಂಕಾರಿಕರಲ್ಲಿ ರಾಜಶೇಖರನು ಪ್ರತಿಭೆಯನ್ನು ಎರಡಾಗಿ ವಿಂಗಡಿಸಿರುವನು. ಕಾವ್ಯವನ್ನು ನಿರ್ಮಿಸತಕ್ಕದ್ದು ಕಾರಯಿತ್ರೀ. ಅದರ ಮರ್ಮವನ್ನರಿತು ಬೆಲೆಗಟ್ಟತಕ್ಕದ್ದು ಭಾವಯಿತ್ರೀ. ಇವೆರಡೂ ಒಬ್ಬನಲ್ಲಿಯೇ ನೆಲಸುವುದು ವಿರಳ. ಚಲಚ್ಚಿತ್ರ ಕಲೆಯಲ್ಲಿ ಇದಕ್ಕೆ ನಿದರ್ಶನವನ್ನು ಬಯಸುವವರು ಶ್ರೀ ಗಿರೀಶ ಕಾಸರವಳ್ಳಿಯವರನ್ನು ನೋಡಬಹುದು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 1950ರಲ್ಲಿ ಜನಿಸಿದ ಇವರು ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿ, ಬಳಿಕ ಪುಣೆಯ ಚಲಚ್ಚಿತ್ರ ವಿದ್ಯಾಲಯವನ್ನು ಸೇರಿದರು. ‘ಘಟಶ್ರಾದ್ಧ’ (1977), ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಎಂಬ ಇವರ ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲವು ದೊರೆತಿದೆ. ಇದರೊಡನೆ ಇವರು ಚಿತ್ರಕಲೆಯ ರಸಗ್ರಹಣವನ್ನು ಕುರಿತು ಉಪನ್ಯಾಸಗಳನ್ನಿತ್ತು, ಲೇಖನಗಳನ್ನೂ ಬರೆದಿರುವರು.

ಇವರ ವಿಮರ್ಶೆಯು ಲೇಖನಗಳಲ್ಲಿ ಮಾತ್ರವೇ ಇಲ್ಲ, ಚಿತ್ರಗಳೊಳಗೂ ಇದೆ. ಭೈರಪ್ಪನವರ ‘ನಾಯಿ ನೆರಳು’ ಪುನರ್ಜನ್ಮದ ನಂಬಿಕೆಯ ಸುತ್ತ ಹೆಣೆದ ಕಾದಂಬರಿ. ಇವರ 2006ರ ಚಿತ್ರವಾದರೋ, ಆ ನಂಬಿಕೆಯ ನಡುವೆ ಸಿಕ್ಕಿದ ವಿಧವೆಯ ಪಾಡೇನೆಂದು ಕೇಳುತ್ತದೆ. ‘ಇದು ಮೂಲಕ್ಕೆ ಅಪಚಾರವಲ್ಲವೆ?’ ಎಂದು ಕೆಲವರು ಆಕ್ಷೇಪಿಸಬಹುದು. ಮೂಲದಲ್ಲಿಲ್ಲದುದನ್ನು ಬರೆಯೆನೆಂಬ ವ್ರತವು ಮಲ್ಲಿನಾಥನಂತಹ ವ್ಯಾಖ್ಯಾನಕಾರನಿಗೆ ಸಲ್ಲತಕ್ಕದ್ದು. ಕಾಳಿದಾಸನು ಅದನ್ನು ಪಾಲಿಸಲಿಲ್ಲ. ಮಹಾಭಾರತದ ಶಕುಂತಲೆಯ ಕಥೆಗೆ ಶಾಪವನ್ನೂ ಉಂಗುರವನ್ನೂ ತಂದು ಸೇರಿಸಿದವನು ಆತನೇ. ಮೂಲವನ್ನು ಆಳವಾಗಿ ಓದಿದವನು ಮಾಡುವ ಬದಲಾವಣೆಯೂ ಒಂದು ಬಗೆಯ ವಿಮರ್ಶೆಯೇ ಸರಿ.

ನಮ್ಮ ಬಾಳೂರಿನವರಿಗೆ ಇವರ ಚಿತ್ರಗಳಲ್ಲಿ ‘ತಬರನ ಕಥೆ’ ಹೆಚ್ಚು ಹತ್ತಿರವಾದುದು. ಮೂಲಕಥೆಯನ್ನು ಬರೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ನಮ್ಮ ಮೂಡಿಗೆರೆಯಲ್ಲಿಯೇ ಬಾಳಿದವರು. ಸರ್ಕಾರದ ಚಾಕರಿಯಲ್ಲಿ ಸವೆದ ತಬರನು ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಮಧುಮೇಹದಿಂದ ಹೆಂಡತಿಯ ಕಾಲು ಕೊಳೆಯುತ್ತದೆ. ಹಣವು ಕೈಸೇರುವಾಗ ಆಕೆಯೇ ಇಲ್ಲ. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೆ 1986ನೆಯ ಸಾಲಿನ ರಾಷ್ಟ್ರಪ್ರಶಸ್ತಿಯು ಬಂದಿತು.

ಪಿಂಚಣಿಯನ್ನೇ ನೆಚ್ಚಿ ಬಾಳುವ ನನ್ನಂತಹವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಮಾತನ್ನು ಮರೆಯಲಾಗದು. ತಬರನನ್ನು ಕೊಂದಷ್ಟು ನೋಯಿಸಿದವರಲ್ಲಿ ದುಷ್ಟರೆನ್ನತಕ್ಕವರು ವಿರಳ. ಅರ್ಜಿಯನ್ನು ‘ನಾಳೆ ನೋಡೋಣ’ ಎಂದು ಬದಿಗಿಟ್ಟ ಸಾಮಾನ್ಯ ಗೃಹಸ್ಥರೇ ಬಹಳ. ನಮ್ಮ ಮಕ್ಕಳಲ್ಲಿಯೂ ಅಳಿಯಂದಿರಲ್ಲಿಯೂ ಅಂತಹ ಮೇಜಿನ ಹಿಂದೆ ಕುಳಿತಿರುವವರುಂಟು. ಮನೆಮಂದಿಯೆಲ್ಲ ಕೂಡಿ ಈ ಚಿತ್ರವನ್ನು ನೋಡಿರಿ. ನೋಡಿದ ಬಳಿಕ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಏಳದೆ, ತಬರನ ಕಾಗದವು ಎಲ್ಲೆಲ್ಲಿ ನಿಂತಿತು, ಏಕೆ ನಿಂತಿತು ಎಂದು ಒಬ್ಬರನ್ನೊಬ್ಬರು ಕೇಳಿರಿ. ಭಾವಯಿತ್ರೀ ಪ್ರತಿಭೆಯು ಗೃಹಸ್ಥನಿಗೂ ಅಲಭ್ಯವಲ್ಲ. ಅದರ ಫಲವು ಮರುದಿನ ಕಚೇರಿಯಲ್ಲಿ ಕಾಣಲಿ.