ವಿಮೋಚನೆಯ ಸೋಗು, ಮಾರುಕಟ್ಟೆಯ ಹಸಿವು

2003ರಲ್ಲಿ ಅಮೇರಿಕ ಇರಾಕಿನ ಮೇಲೆ ದಂಡೆತ್ತಿ ಹೋದಾಗ ನಮ್ಮಲ್ಲಿ ಹಲವರು ಅದನ್ನು ಇಸ್ಲಾಮಿನ ವಿರುದ್ಧದ ಯುದ್ಧವೆಂದೇ ಬಗೆದರು. ಇನ್ನು ಕೆಲವರು, ಸರ್ವಾಧಿಕಾರಿಯ ಹಿಡಿತದಿಂದ ಜನರನ್ನು ಬಿಡಿಸುವ ಪುಣ್ಯಕಾರ್ಯವೆಂದು ಹೊಗಳಿದರು. ಇವೆರಡೂ ತಪ್ಪು. ಈ ಸಾಮ್ರಾಜ್ಯಶಾಹಿಯ ನಿಜಬಣ್ಣ ತಿಳಿಯಬೇಕಾದರೆ ನಾವು ನೋಡಬೇಕಾದದ್ದು ಬಗ್ದಾದನ್ನಲ್ಲ, 1898ರ ಮನಿಲಾವನ್ನು.

ಆ ಕಾಲದಲ್ಲಿ ಅಮೇರಿಕದ ಕಾರ್ಖಾನೆಗಳೂ ಹೊಲಗಳೂ ದೇಶದೊಳಗೆ ಖರ್ಚಾಗದಷ್ಟು ಉತ್ಪಾದಿಸುತ್ತಿದ್ದವು. 1893ರ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳು ಮುಳುಗಿದವು, ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಕೂಲಿ ಹೆಚ್ಚಿಸಿ ಸ್ವಂತ ಜನರ ಕೊಳ್ಳುವ ಶಕ್ತಿ ಬೆಳೆಸುವ ಬದಲು ಬಂಡವಾಳಗಾರರು ಸಮುದ್ರದಾಚೆ ಗಿರಾಕಿಗಳನ್ನು ಹುಡುಕಿದರು. ಕಣ್ಣು ನೆಟ್ಟಿದ್ದು ಚೀನಾದ ಮೇಲೆ. ವ್ಯಾಪಾರ ಕಾಯಲು ನೌಕಾಪಡೆ ಬೇಕು, ಹಡಗುಗಳಿಗೆ ಕಲ್ಲಿದ್ದಲು ತುಂಬಲು ದೂರದ ಬಂದರುಗಳು ಬೇಕು ಎಂದು ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ ವಾದಿಸಿದರು. ಹವಾಯಿ, ಗುವಾಮ್, ಫಿಲಿಪ್ಪೀನ್ಸ್ ಮೂರೂ ಚೀನಾದ ದಾರಿಯಲ್ಲಿದ್ದವು. ಮೂರೂ 1898ರಲ್ಲಿ ಅಮೇರಿಕದ ಪಾಲಾದವು.

ಇದಕ್ಕೆ ನೆಪವೂ ಸಿಕ್ಕಿತು. ಆ ವರ್ಷದ ಫೆಬ್ರವರಿಯಲ್ಲಿ ಹವಾನಾ ಬಂದರಿನಲ್ಲಿ ಮೇನ್ ಎಂಬ ಅಮೇರಿಕದ ಯುದ್ಧನೌಕೆ ಸ್ಫೋಟಗೊಂಡಿತು. ಸ್ಪೇನೇ ಅಪರಾಧಿಯೆಂದು ಪತ್ರಿಕೆಗಳು ಬೊಬ್ಬಿಟ್ಟವು. ಆ ಆರೋಪಕ್ಕೆ ಪುರಾವೆ ಎಂದೂ ಸಿಗಲಿಲ್ಲ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳು ಸಿಗದ ಹಾಗೆಯೇ. ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ಫಿಲಿಪಿನೋಗಳು ಅಮೇರಿಕವನ್ನು ಮಿತ್ರನೆಂದು ನಂಬಿದರು. ಆದರೆ ಡಿಸೆಂಬರಿನಲ್ಲಿ ಪ್ಯಾರಿಸ್ ಒಪ್ಪಂದದ ಮೂಲಕ 2 ಕೋಟಿ ಡಾಲರಿಗೆ ಅವರ ನಾಡು ಕೈಬದಲಾಯಿತು. ಮಾತುಕತೆಯಲ್ಲಿ ಆ ನಾಡಿನವರಿಗೆ ಜಾಗವೇ ಇರಲಿಲ್ಲ. ಅವರು ಪ್ರತಿಭಟಿಸಿದಾಗ 1899ರಲ್ಲಿ ಯುದ್ಧ ಆರಂಭವಾಯಿತು. ಹಿಂಸೆ, ಹಸಿವು, ರೋಗಗಳಿಗೆ ಬಲಿಯಾದ ನಾಗರಿಕರ ಸಂಖ್ಯೆ ಎರಡು ಲಕ್ಷದಷ್ಟೆಂದು ಅಂದಾಜಿದೆ. ಹೀಗೆ ಸತ್ತವರಲ್ಲಿ ಹೆಚ್ಚಿನವರು ಕ್ರೈಸ್ತರು ಎಂಬುದನ್ನು ನಾವು ಮರೆಯಬಾರದು.

ದಕ್ಷಿಣದ ಮೊರೊ ಮುಸ್ಲಿಮರೊಡನೆ ಅದೇ ವರ್ಷ ಸ್ನೇಹದ ನಾಟಕ ನಡೆಯಿತು. ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಸುಲು ಸುಲ್ತಾನರೊಡನೆ ಒಪ್ಪಂದವಾಯಿತು. ಉತ್ತರದ ಯುದ್ಧ ಮುಗಿದ ಮೇಲೆ, 1904ರಲ್ಲಿ, ಅಮೇರಿಕ ಅದನ್ನು ಏಕಪಕ್ಷೀಯವಾಗಿ ರದ್ದುಪಡಿಸಿತು. 1906ರ ಮಾರ್ಚಿನಲ್ಲಿ ಹೋಲೊ ದ್ವೀಪದ ಬುದ್ ದಾಹೊ ಬೆಟ್ಟದ ಮೇಲೆ ಆಶ್ರಯ ಪಡೆದಿದ್ದ ನೂರಾರು ಮೊರೊಗಳನ್ನು, ಹೆಂಗಸರು ಮಕ್ಕಳೆನ್ನದೆ, ಅಮೇರಿಕದ ಸೇನೆ ಕೊಂದಿತು. ಅಧ್ಯಕ್ಷ ರೂಸ್‌ವೆಲ್ಟ್ ಸೇನಾಧಿಕಾರಿಗೆ ಅಭಿನಂದನೆಯ ತಂತಿ ಕಳಿಸಿದರು.

ಈ ದರೋಡೆಗೆ ಧರ್ಮವೆಲ್ಲಿದೆ? ಅದನ್ನು ಖಂಡಿಸಿದವರಲ್ಲಿ ಅಮೇರಿಕದವರೇ ಆದ ಸಾಹಿತಿ ಮಾರ್ಕ್ ಟ್ವೇನ್ ಇದ್ದರು. ಅತ್ತ 2003ರಲ್ಲಿ ಇರಾಕಿಗೆ ನುಗ್ಗಿದ ಭೂಸೇನೆ ಹೊರಟದ್ದು ಮುಸ್ಲಿಂ ಅರಸೊತ್ತಿಗೆಯ ಕುವೈತಿನಿಂದ. ಇದನ್ನು ಮತಗಳ ಯುದ್ಧವೆಂದು ಕೂಗುವವರು ಸಾಮ್ರಾಜ್ಯಶಾಹಿಗೆ ಬೇಕಾದ ಪರದೆಯನ್ನು ತಾವೇ ನೇಯ್ದು ಕೊಡುತ್ತಿದ್ದಾರೆ. ಆ ಪರದೆಯ ಹಿಂದೆ ಲಾಭದ ಲೆಕ್ಕಪುಸ್ತಕವಿದೆ. ಅನ್ಯಾಯವನ್ನು ಅನ್ಯಾಯವೆನ್ನಲು ನಾವು ಸತ್ತವನ ಮತ ವಿಚಾರಿಸಬೇಕಿಲ್ಲ, ಕೊಂದವನ ಮತವನ್ನೂ ವಿಚಾರಿಸಬೇಕಿಲ್ಲ.